ಮಳೆ ನೋಡಿ ಕೊಡುವ ರೊಕ್ಕ

ಹಿಟ್ನಾಳದ ಹುಲಿಗವ್ವನಿಗೆ ಒಂದು ಗುಂಟೆ ಹೊಲವಿಲ್ಲ. ಆದರೂ ಆ ಊರಿನಲ್ಲಿ ಅವಳಷ್ಟು ಮುಗಿಲು ನೋಡುವವರು ಯಾರೂ ಇಲ್ಲ. ಹೊಲ ಇದ್ದವರು ಬಿತ್ತುವ ಮುಂದೆ ಒಮ್ಮೆ, ರಾಶಿಯ ಮುಂದೆ ಒಮ್ಮೆ ತಲೆ ಎತ್ತುತ್ತಾರೆ. ಇವಳು ರೊಟ್ಟಿ ಬಡಿಯುತ್ತ ಎತ್ತುತ್ತಾಳೆ, ಬಸ್ಸಿನ ಕಿಟಕಿಯಲ್ಲಿ ಕೂತು ಎತ್ತುತ್ತಾಳೆ, ಎದುರು ನಿಂತು ಮಾತಾಡುವವರ ನೆತ್ತಿಯ ಮೇಲಿಂದಲೂ ನೋಡುತ್ತಾಳೆ. "ಯಕ್ಕಾ, ನಾ ಇಲ್ಲಿ ನಿಂತೀನಿ, ಮ್ಯಾಲ ಯಾರದಾರ?" ಎಂದು ಅವರೇ ಕೈ ಬೀಸಿ ಕರೆಯಬೇಕು. ಹೆದ್ದಾರಿ ಬದಿಗೆ ಲಾರಿ ಟೈರಿನ ಪಂಕ್ಚರ್ ತಿದ್ದುವ ಅವಳ ಗಂಡ ಮಲ್ಲೇಶ, "ನನ್ನ ಮುಖಾ ಇಷ್ಟು ನೋಡಿದ್ರ ನಾನೂ ಒಂದೆರಡು ಹನಿ ಉದುರಸ್ತಿದ್ದೆ" ಎಂದು ಚೇಷ್ಟೆ ಮಾಡುತ್ತಾನೆ.

ಹುಲಿಗವ್ವ ಮನೆಗಳಿಗೆ ಸ್ಲ್ಯಾಬ್ ಹಾಕುವ ಗ್ಯಾಂಗಿನ ಮೇಸ್ತ್ರಿ. ಹನ್ನೊಂದು ಹೆಂಗಸರು ಅವಳ ಸಾಲಿನಲ್ಲಿ ನಿಲ್ಲುತ್ತಾರೆ. ಮಷಿನ್ನಿನಿಂದ ಬಿದ್ದ ಕಾಂಕ್ರೀಟಿನ ಮಾಲು ಪುಟ್ಟಿಯಲ್ಲಿ ತುಂಬಿ, ಕೈಯಿಂದ ಕೈಗೆ ಹತ್ತಿ, ಮಾಳಿಗೆ ಸೇರುತ್ತದೆ. ಮುಂಜಾನೆ ಸುರು ಮಾಡಿದ ಸ್ಲ್ಯಾಬು ಮುಗಿಯುವ ತನಕ ಆ ಸಾಲು ಕಡಿಯಬಾರದು. ಕಡಿದರೆ ಹಳೆ ಮಾಲಿಗೂ ಹೊಸ ಮಾಲಿಗೂ ನಂಟು ಕೂಡುವುದಿಲ್ಲ, ಮುಂದೆ ಅಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ತಾಲೂಕಿನಲ್ಲಿ ಅವಳು ಹಾಕಿದ ಮಾಳಿಗೆಗಳಿವೆ. ಅವಳ ಮನೆಗೆ ಮಾತ್ರ ತಗಡು. ಯಾಕವ್ವ ಎಂದರೆ, "ತಗಡಿನ ಮ್ಯಾಲ ಮಳಿ ಛಲೋ ಕೇಳಸ್ತೈತ್ರಿ" ಎನ್ನುತ್ತಾಳೆ.

ಇನ್ನು ಆ ಮುಗಿಲು ನೋಡುವ ಕತೆ. ಈ ಸೀಮೆಯಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಗೆ ಒಪ್ಪಿಕೊಂಡ ಗುತ್ತಿಗೆಯಲ್ಲಿ ಹತ್ತರಲ್ಲಿ ಒಂದು ಪಾಲು ಹಿಡಿದಿಟ್ಟುಕೊಳ್ಳುತ್ತಾರೆ. "ಒಂದು ಮಳಿಗಾಲ ನೋಡಿ ಕೊಡ್ತೀವಿ" ಎನ್ನುವುದು ಅವರ ಮಾತು. ಮಾಳಿಗೆ ಸೋರದಿದ್ದರೆ ರೊಕ್ಕ, ಸೋರಿದರೆ ರಾಮಾ ರಾಮಾ. ಸರಕಾರಿ ಕೆಲಸವಾದರೆ ಇದಕ್ಕೊಂದು ಉದ್ದ ಹೆಸರಿರುತ್ತದೆ, ಕಾಗದ ಇರುತ್ತದೆ, ಬಿಡುಗಡೆಯ ತಾರೀಖೂ ಇರುತ್ತದೆ. ಸಾಹುಕಾರನ ಮನೆಗೆ ತಾರೀಖು ಎಲ್ಲಿಂದ ಬರಬೇಕು? ಮುಗಿಲೇ ಅದರ ಪಂಚಾಂಗ. ಗ್ಯಾಂಗಿನವರು ಅದನ್ನು ಮಳಿ ರೊಕ್ಕ ಎನ್ನುತ್ತಾರೆ. ಆ ರೊಕ್ಕದ ಮೇಲೆ ಆಸೆ ಇಟ್ಟು ಮಷಿನ್ನು ಕೊಂಡವರು, ಮದುವೆ ಮಾಡಿದವರು ಎಷ್ಟೋ ಜನ ಮುಳುಗಿ ಹೋದರು. ಹುಲಿಗವ್ವ ಮುಳುಗದೆ ಉಳಿದದ್ದು ಒಂದೇ ಒಂದು ನೇಮದಿಂದ.

"ಮಳಿ ರೊಕ್ಕ ಕನಸಿನಾಗ ಎಣಸಬೇಕು. ಎಚ್ಚರಿದ್ದಾಗ ಎಣಸಬಾರದು" ಎಂದು ಅವಳು ಹೊಸದಾಗಿ ಬಂದ ಹೆಂಗಸರಿಗೆ ಮೊದಲ ದಿನವೇ ಹೇಳುತ್ತಾಳೆ.

ಕನಸಿನಲ್ಲಿ ಮಾತ್ರ ಚೆನ್ನಾಗಿ ಎಣಿಸುತ್ತಾಳೆ, ಅದಕ್ಕೆ ಬಡತನವಿಲ್ಲ. ಮಧ್ಯಾಹ್ನ ಬುತ್ತಿ ಉಂಡು, ಮರಳಿನ ಗುಡ್ಡೆಗೆ ಒರಗಿ ಕಣ್ಣು ಮುಚ್ಚಿದರೆ ಸಾಕು. ನಾಲ್ಕು ತಾಲೂಕಿನ ಮಾಳಿಗೆಗಳೂ ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಗದ್ದೆಯ ಬದುವಿನ ಮೇಲೆ ನಡೆದ ಹಾಗೆ ಅವಳು ಗಂಗಾವತಿಯ ಮಾಳಿಗೆಯಿಂದ ಕುಷ್ಟಗಿಯ ಮಾಳಿಗೆಗೆ ಹೆಜ್ಜೆ ಹಾಕುತ್ತಾಳೆ, ಕಾಲು ನೆಲಕ್ಕೆ ತಾಗುವುದಿಲ್ಲ. ಎಲ್ಲ ಮಾಳಿಗೆಯಲ್ಲೂ ಮೊಣಕಾಲುದ್ದ ತಿಳಿನೀರು. ನೀರಿನ ತಳದಲ್ಲಿ ಅವಳ ರೊಕ್ಕ ಮಿಣ ಮಿಣ ಅನ್ನುತ್ತದೆ. ಬಗ್ಗಿ ತೆಗೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಯಾರೋ "ಯಕ್ಕಾ, ಮಷಿನ್ ಚಾಲು ಮಾಡ್ಲೇನು?" ಎಂದು ಕೂಗುತ್ತಾರೆ. ಎದ್ದು ಸೆರಗು ಕಟ್ಟಿಕೊಳ್ಳುತ್ತಾಳೆ.

ಈ ನೀರಿನ ಹುಚ್ಚು ಅವಳಿಗೆ ಹರೆಯದಲ್ಲೇ ಹತ್ತಿದ್ದು. ವಿರೂಪಾಪುರಗಡ್ಡೆಯ ಸುತ್ತಲಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತ ಬೆಳೆದವಳು ಅವಳು. ಹದಿನೆಂಟು ವರ್ಷದ ಹಿಂದೆ ಒಂದು ಹಂಗಾಮು ಕಾಲುವೆಗೆ ನೀರು ಬಿಡಲಿಲ್ಲ, ನಾಟಿಯ ಕೆಲಸ ನಿಂತಿತು, ಹೊಟ್ಟೆಪಾಡಿಗೆ ಪುಟ್ಟಿ ಹೊತ್ತಳು. ಸ್ಲ್ಯಾಬ್ ಹಾಕಿದ ಮರುದಿನ ಮೇಸ್ತ್ರಿ ಮೇಲೆ ಹತ್ತಿ ಮಣ್ಣಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ, ಚೌಕ ಚೌಕ ಮಡಿ ಮಾಡಿ ನೀರು ನಿಲ್ಲಿಸಿದ. ಮಾಳಿಗೆ ನೀರು ಕುಡಿದು ಗಟ್ಟಿಯಾಗಲಿ ಎಂದು ಎಲ್ಲರೂ ಮಾಡುವ ಕೆಲಸ ಅದು. ಹುಲಿಗವ್ವ ಮಾತ್ರ ಏಣಿಯ ತುದಿಯಲ್ಲೇ ನಿಂತುಬಿಟ್ಟಳು. ಭೂಮಿಯಲ್ಲಿ ನೀರಿಲ್ಲದ ವರ್ಷ ಆಕಾಶದಲ್ಲಿ ಗದ್ದೆ! ಅವತ್ತಿನಿಂದ ತಾನು ಹಾಕಿದ ಪ್ರತಿ ಮಾಳಿಗೆಯ ಮಡಿಯನ್ನೂ ತಾನೇ ಕಟ್ಟುತ್ತಾಳೆ. ಕಟ್ಟಿ ಮುಗಿದ ಮೇಲೆ ಅದರ ಬದುವಿನ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾಳೆ.

ಹಾಗೆಂದು ಅವಳು ಬರೀ ಕನಸುಗಾತಿ ಅಂದುಕೊಳ್ಳಬೇಡಿ. ಮೇಸ್ತ್ರಿಯಾದ ಮೊದಲ ವರ್ಷ ಅವಳ ಒಂದು ಮಾಳಿಗೆ ಸೋರಿತು. ಮಾಲೀಕ ಮಳಿ ರೊಕ್ಕ ನುಂಗಿದ. ಹೆಂಗಸರ ಕೂಲಿ ತೀರಿಸಲು ಅವಳು ಕಿವಿಯ ಬೆಂಡೋಲಿ ಮಾರಿದಳು. ಆಮೇಲೆ ಅವಳೂ ಒಂದು ಪಾಠ ಕಲಿತಳು. ಮಾಲೀಕ ತನ್ನಲ್ಲಿ ಹತ್ತರಲ್ಲೊಂದು ಹಿಡಿದರೆ, ತಾನು ಹೆಂಗಸರ ಕೂಲಿಯಲ್ಲಿ ಹತ್ತರಲ್ಲೊಂದು ಹಿಡಿದಳು. "ನಾನೂ ಮಳಿ ಕಾಯ್ತೀನಿ, ನೀವೂ ಕಾಯ್ರಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೂಂ ಅಂದರು. ಬೇರೆ ಏನನ್ನುತ್ತಾರೆ, ಪಾಪ.

ಈ ವರ್ಷ ನಾಲ್ಕು ತಾಲೂಕಿನಲ್ಲೂ ಅವಳ ಒಂದೊಂದು ಹೊಸ ಮಾಳಿಗೆ. ಗಂಗಾವತಿಯಲ್ಲಿ ರೋಹಿಣಿ ಮಳೆಯೇ ಸುರಿದು ರೊಕ್ಕ ಬಂತು. ಕೊಪ್ಪಳದಲ್ಲಿ ಮೂರು ದಿನ ಹಿಡಿದು ಹೊಡೆಯಿತು. ಕುಷ್ಟಗಿಯಲ್ಲಿ ಆಣೆಕಲ್ಲು ಬಿದ್ದು ಮಾಲೀಕನೇ ಫೋನು ಮಾಡಿ, "ಗಟ್ಟಿ ಅದಿಯವಾ ತಾಯಿ, ಬಂದು ಒಯ್ಯಿ" ಅಂದ. ಉಳಿದದ್ದು ಯಲಬುರ್ಗಾ. ಅಲ್ಲಿ ಕಡಲೆ ವ್ಯಾಪಾರದ ದೇವೇಂದ್ರಪ್ಪನ ಮನೆ. ಚೈತ್ರದಲ್ಲಿ ಸ್ಲ್ಯಾಬ್ ಹಾಕಿದ್ದು, ಶ್ರಾವಣದಲ್ಲಿ ಅವರು ಒಕ್ಕಲಾದರು, ಭಾದ್ರಪದ ಬಂದರೂ ಆ ಊರಿನ ಮೇಲೆ ಒಂದು ಹನಿಯಿಲ್ಲ. ಮೋಡ ಬರುತ್ತವೆ, ಊರ ಮೇಲೆ ಸ್ವಲ್ಪ ನಿಲ್ಲುತ್ತವೆ, ಏನೋ ನೆನಪಾದವರ ಹಾಗೆ ಹೊರಟು ಹೋಗುತ್ತವೆ.

ದೇವೇಂದ್ರಪ್ಪ ಮೋಸಗಾರನಲ್ಲ. ಹುಲಿಗವ್ವ ಫೋನು ಮಾಡಿದಾಗಲೆಲ್ಲ ಎತ್ತುತ್ತಿದ್ದ. "ನಿನ್ನ ನಲವತ್ತು ಸಾವಿರ ಕಪಾಟಿನಾಗ ತಗದಿಟ್ಟೀನಿ. ಮಳಿ ಬರ್ಲಿ, ಅವತ್ತ ಕೊಡ್ತೀನಿ. ಮಳಿ ತರಿಸೋದು ನನ್ನ ಕೈಯಾಗ ಐತೇನು?" ಎನ್ನುತ್ತಿದ್ದ. ಮಾತು ಖರೆ. ಖರೆ ಮಾತಿಗೆ ಎದುರು ಹೇಳುವುದು ಭಾಳ ಕಷ್ಟ.

ಆ ನಲವತ್ತರಲ್ಲಿ ಅರ್ಧ ಹೆಂಗಸರದು, ಇನ್ನರ್ಧ ಅಬ್ದುಲರೌಫನದು. ಗಂಗಾವತಿಯ ಅಬ್ದುಲರೌಫ ಸ್ಲ್ಯಾಬಿನ ಕೆಳಗೆ ಕೊಡುವ ಸೆಂಟ್ರಿಂಗ್ ಹಲಗೆ, ಮಾಲು ಕಲಸುವ ಮಷಿನ್ನು ಬಾಡಿಗೆಗೆ ಕೊಡುವವನು. ಹುಲಿಗವ್ವನ ಮೇಲೆ ನಂಬಿಕೆ ಇಟ್ಟು ಬಾಡಿಗೆ ತಡೆದುಕೊಂಡಿದ್ದ. ಶ್ರಾವಣದಲ್ಲಿ ಬಂದು ಚಹಾ ಕುಡಿಯುತ್ತ ಕೂತ.

"ಹುಲಿಗಕ್ಕ, ಮಷಿನ್ನಿಗೆ ಸಿಂಧನೂರಿನ ಪಾರ್ಟಿ ಕೇಳಾಕ ಹತ್ಯಾರ, ವರ್ಷದ ಕರಾರು. ನಿನ್ನ ಬಿಟ್ಟು ಕೊಡಾಕ ಮನಸ್ಸಿಲ್ಲ. ಆದ್ರ ನನ್ನ ಕಿಸೆನೂ ಖಾಲಿ ಐತಿ. ಯಾವಾಗ ಅಂತ ಹೇಳಿಬಿಡು."

ಆಗ ಹುಲಿಗವ್ವ ತನ್ನ ನೇಮ ಮರೆತಳು. ಮಳಿ ರೊಕ್ಕವನ್ನು ಎಚ್ಚರಿದ್ದಾಗ ಎಣಿಸಿಬಿಟ್ಟಳು. "ಮಾನಮಿ ಅಮಾಸಿ ದಾಟಂಗಿಲ್ಲ ರೌಫಣ್ಣ. ಅಷ್ಟರಾಗ ಬಂದ ಬರ್ತೈತಿ ಮಳಿ." ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಇದಕ್ಕೇ. ಮಷಿನ್ನು ಸಿಂಧನೂರಿಗೆ ಹೋದರೆ ಸಾಲು ಒಡೆಯುತ್ತದೆ. ಹನ್ನೊಂದು ಹೆಂಗಸರು ಗೋವೆಗೋ, ಮೆಣಸಿನಕಾಯಿ ಬಿಡಿಸಲು ಗುಂಟೂರಿಗೋ ದಿಕ್ಕಿಗೊಬ್ಬರು ಹೋಗುತ್ತಾರೆ. ಒಮ್ಮೆ ಒಡೆದ ಸಾಲನ್ನು ಮತ್ತೆ ಕಟ್ಟುವ ವಯಸ್ಸು ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾದ್ರಪದದ ಕೊನೆಯ ಆ ಮಾನಮಿ ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿರುವಾಗ ಅವಳು ಹುಲಗಿಗೆ ಹೋಗಿ ಹುಲಿಗೆಮ್ಮನಿಗೆ ಕಾಯಿ ಒಡೆಸಿ ಬಂದಳು. "ನಿನ್ನ ಹೆಸರ ಇಟ್ಕೊಂಡೀನವ್ವ, ಒಂದು ಮಳಿ ಕೊಡು" ಎಂದು ಬೇಡಿಕೊಂಡಳು. ಮರುದಿನ ಮಧ್ಯಾಹ್ನ ತಗಡಿನ ಮನೆಯಲ್ಲಿ ಬೆವರುತ್ತ ಮಲಗಿದ್ದಾಗ ಅದೇ ಕನಸು ಬಿತ್ತು. ಈ ಸಲ ಯಲಬುರ್ಗಾದ ಮಾಳಿಗೆ ಒಂದೇ ಒಣಗಿತ್ತು. ಅವಳು ಬಗ್ಗಿ ಗಂಗಾವತಿಯ ಮಾಳಿಗೆಯಿಂದ ಬೊಗಸೆಯಲ್ಲಿ ನೀರೆತ್ತಿ ಆ ಕಡೆ ಹೊಯ್ಯುತ್ತಿದ್ದಳು. ಎಚ್ಚರಾಯಿತು. ಎದ್ದು ಕೂತು ತನ್ನ ಹಣೆ ತಾನೇ ಬಡಿದುಕೊಂಡಳು. ಮಳೆ ಬರದಿದ್ದರೆ ಮಡಿ ಕಟ್ಟಲು ಬರುವುದಿಲ್ಲವೇ!

ಯಲಬುರ್ಗಾಕ್ಕೆ ಹೋಗಿ, ಮಳೆಯ ಬದಲು ಮಾಳಿಗೆಯ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ ನೋಡೋಣ ಎಂದಾಗ ದೇವೇಂದ್ರಪ್ಪ ಮೊದಲು ನಕ್ಕ. "ಅವಾಗ ಇಪ್ಪತ್ತು ದಿನ ನೀರು ನಿಲ್ಲಿಸಿದ್ದಿಯಲ್ಲ, ಮತ್ತ್ಯಾಕ?"

"ಅವಾಗ ಕೆಳಗ ಹಲಗಿ ಇದ್ದೂರಿ ಸಾವ್ಕಾರ್ರ. ಹನಿ ಬಿದ್ರೂ ಯಾರಿಗೆ ಕಾಣತಿತ್ತು? ಈಗ ಸುಣ್ಣಾ ಬಳದದ್ದು ಐತಿ, ಕಲಿ ಬಿದ್ರ ಕೂಸಿಗೂ ಕಾಣ್ತೈತಿ. ಎಂಟು ದಿನ ನೀರು ನಿಲ್ಲಸ್ತೀನಿ. ಯಾವ ಮಳಿ ಎಂಟು ದಿನ ಮಾಳಗಿ ಮ್ಯಾಲ ಕುಂದರತೈತಿ, ನೀವ ಹೇಳ್ರಿ."

ಅವನು ಗಡ್ಡ ತುರಿಸಿಕೊಂಡ. ಒಳಗಿನಿಂದ ಅವನ ಹೆಂಡತಿ ಕಳಕಮ್ಮ, "ಹಾಕ್ಲಿ ಬಿಡ್ರಿ. ನಮ್ಮ ಬೋರಿನ ನೀರ ಹಾಕ್ಲಿ. ಮನಿ ಒಂದೀಟು ತಂಪರೆ ಆಗ್ತೈತಿ" ಎಂದಳು. ಹಾಗೆ ಮಾತು ಕೂಡಿತು.

ನೀರು ಕಾಯಲು ಒಬ್ಬರು ಜೊತೆಗೆ ಬೇಕಿತ್ತು. ಹುಲಿಗವ್ವ ಇನ್ನೂ ಯಾರ ಹೆಸರನ್ನೂ ಹೇಳಿರಲಿಲ್ಲ, ಹಂಪವ್ವ "ನಾ ಬರ್ತೀನಿ" ಎಂದು ಚೀಲ ಹಿಡಿದು ನಿಂತಳು. ಹಂಪವ್ವ ಸಾಲಿನ ತುದಿಯವಳು, ಮೇಲಿನ ಪುಟ್ಟಿ ಇಸಿದುಕೊಂಡು ಮಾಲು ಸುರಿಯುವವಳು. ನಲವತ್ತು ತುಂಬಿಲ್ಲ, ಆಗಲೇ ಅಜ್ಜಿಯಾಗಿದ್ದಾಳೆ. ಮೊದಲು ಬಾಯಿ ಮುಚ್ಚದೆ ಮಾತಾಡುತ್ತಿದ್ದವಳು ಈ ಬೇಸಿಗೆಯಿಂದ ಯಾಕೋ ಸಪ್ಪಗಾಗಿದ್ದಳು. ಕಣ್ಣ ಕೆಳಗೆ ಕಪ್ಪು ಬಂದಿತ್ತು. ಮೋಡ ಕವಿದರೆ ಉಳಿದವರು ಕೈಕೈ ಹಿಡಿದು ಕುಣಿಯುವಾಗ ಇವಳು ಒಳಗೆ ಹೋಗಿ ಕೂರುತ್ತಿದ್ದಳು. ಮೊಮ್ಮಗಳ ಆರೈಕೆಯ ದಣಿವು ಇರಬಹುದು ಎಂದು ಹುಲಿಗವ್ವ ಸುಮ್ಮನಿದ್ದಳು.

ಯಲಬುರ್ಗಾದ ಆ ಮಾಳಿಗೆಯ ಮೇಲೆ ಎಂಟು ದಿನ ಒಂದು ಬೇರೆಯೇ ಲೋಕ ಇತ್ತು. ಎರೆಮಣ್ಣು ತಂದು ಹದಿನಾರು ಮಡಿ ಕಟ್ಟಿದರು. ನೀರು ತುಂಬಿದ ಸಂಜೆ ಇಡೀ ಆಕಾಶ ಇಳಿದು ಹದಿನಾರು ತುಂಡಾಗಿ ಮಲಗಿತು. ಮರುದಿನ ಗುಬ್ಬಿಗಳು ಬಂದವು. ಮೂರನೆಯ ದಿನ ಎಲ್ಲಿಂದಲೋ ಎರಡು ಬೆಳ್ಳಕ್ಕಿ ಬಂದು ಬದುವಿನ ಮೇಲೆ ಒಂಟಿ ಕಾಲಲ್ಲಿ ನಿಂತವು. ಸುತ್ತ ಹತ್ತು ಹರದಾರಿ ಒಣ ಎರೆಹೊಲ, ಇವಕ್ಕೆ ಯಾರು ಹೇಳಿ ಕಳಿಸಿದರೋ! ಕಳಕಮ್ಮ ಮೊದಲ ದಿನ ನೋಡಿ ಹೋದವಳು, ಎರಡನೆಯ ದಿನ ಚಹಾ ತಂದಳು, ಆಮೇಲೆ ದಿನಾ ಸಂಜೆ ಮೆಟ್ಟಿಲು ಹತ್ತಿ ಬಂದು ಮಡಿಯಲ್ಲಿ ಕಾಲಿಳಿಬಿಟ್ಟು ಕೂರತೊಡಗಿದಳು. ತವರುಮನೆ ಗಂಗಾವತಿ ಕಡೆಯಂತೆ. "ಇಲ್ಲಿಗೆ ಬಂದು ಮೂವತ್ತು ವರ್ಷಾತು. ಗದ್ದಿ ವಾಸನಿ ಮರ್ತ ಹೋಗಿತ್ತು ನೋಡವ್ವ" ಎಂದಳು. ಹುಲಿಗವ್ವನಿಗೆ ತಾನು ರೊಕ್ಕಕ್ಕೆ ಬಂದವಳು ಎಂಬುದೇ ನಡುನಡುವೆ ಮರೆಯುತ್ತಿತ್ತು. ಮಧ್ಯಾಹ್ನ ನೀರಿನ ಟಾಕಿಯ ನೆರಳಲ್ಲಿ ಮಲಗಿದರೆ ಕನಸು ಯಾವುದು, ಮಾಳಿಗೆ ಯಾವುದು ತಿಳಿಯುತ್ತಿರಲಿಲ್ಲ.

ಐದನೆಯ ದಿನ ಅಂಥ ಒಂದು ಮಧ್ಯಾಹ್ನ ಎಚ್ಚರಾದಾಗ ಪಕ್ಕದಲ್ಲಿ ಹಂಪವ್ವ ಇರಲಿಲ್ಲ. ಹುಲಿಗವ್ವ ಕೆಳಗಿಳಿದಳು. ಮನೆಯವರೆಲ್ಲ ಉಂಡು ಮಲಗಿದ್ದರು. ಈಶಾನ್ಯದ ಮೂಲೆಯ ದೇವರ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹಂಪವ್ವ ಸ್ಟೂಲಿನ ಮೇಲೆ ನಿಂತು, ಮೇಲಿನ ಮೂಲೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು.

"ಏನ ಮಾಡಾಕ ಹತ್ತೀಯಲೇ ಹಂಪಿ?"

ಹಂಪವ್ವ ಬೀಳುವಂತಾಗಿ ಇಳಿದಳು. ಇಳಿದವಳು ಅಲ್ಲೇ ಕುಸಿದು ಅಳತೊಡಗಿದಳು. ಇಬ್ಬರೂ ಮೇಲೆ ಬಂದರು, ನೀರಿನ ಪಕ್ಕ ಕೂತರು. ಆಗ ಹಂಪವ್ವ ಬಾಯಿ ಬಿಟ್ಟಳು.

"ಸ್ಲ್ಯಾಬ್ ಹಾಕೋ ಹಿಂದಿನ ರಾತ್ರಿ ನನ್ನ ಮಗಳು ನೇತ್ರಾವತಿ ಹಡದ್ಲಲ್ಲ ಯಕ್ಕಾ. ರಾತ್ರಿ ಪೂರಾ ಕೊಪ್ಪಳದ ದವಾಖಾನ್ಯಾಗ ನಿಂತಿದ್ದೆ. ಸಾಲು ಕಡೀತೈತಿ ಅಂತ ಹಂಗ ಬಸ್ ಹತ್ತಿ ಬಂದೆ. ಕಡೀಕ ಈ ಮೂಲ್ಯಾಗ ನೀ ನನ್ನ ಕೈಯಾಗ ಸರಳು ಕೊಟ್ಟು, ಮಾಲು ಚುಚ್ಚಿ ಕುಂದರಸು ಅಂತ ಹೇಳಿ ಮಷಿನ್ ಕಡಿ ಹೋದಿ. ನಾ ನಿಂತಲ್ಲೇ ನಿದ್ದಿ ಹೋಗಿಬಿಟ್ಟೆ. ಎಷ್ಟು ಹೊತ್ತೋ ಶಿವನ ಬಲ್ಲ. ಕಣ್ಣ ತೆರದ್ರ ಮಾಲು ಬಿಗಿ ಬರಾಕ ಹತ್ತಿತ್ತು. ಹೆಂಗೋ ಚುಚ್ಚಿ, ಮ್ಯಾಲ ಕರಣಿ ಎಳದು ಬಿಟ್ಟೆ. ಆ ಮೂಲಿ ಸೋರ್ತೈತಿ ಯಕ್ಕಾ. ದೇವರ ತಲಿಮ್ಯಾಲ ಸೋರ್ತೈತಿ. ಅವತ್ತಿಂದ ನನಗ ನಿದ್ದಿ ಇಲ್ಲ."

ಹುಲಿಗವ್ವ ಬಗ್ಗಿ ಮಡಿಯ ಬದುವಿಗೆ ಒಂದು ಹಿಡಿ ಮಣ್ಣು ಮೆತ್ತಿದಳು.

"ಇನ್ನೊಂದು ಐತಿ" ಎಂದಳು ಹಂಪವ್ವ. "ಹುಲಗಿ ಅವ್ವಗ ಹರಕಿ ಹೊತ್ತೀನಿ. ಐದು ಮಂಗಳವಾರ ನಡಕೊಂತ ಹೋಗಿ ಬೇಡಿಕೊಂಡು ಬಂದೀನಿ. ಯಲಬುರ್ಗಾದಾಗ ಮಳಿ ಬರಬಾರದು ಅಂತ."

ಹುಲಿಗವ್ವನಿಗೆ ಮೈ ಉರಿಯಿತು. ಹೌದು, ಹೊಡೆಯಲು ಕೈಯೂ ಎತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ಆಮೇಲೆ ಎಲ್ಲಿತ್ತೋ, ಹೊಟ್ಟೆಯಿಂದ ಒಂದು ನಗು ಎದ್ದು ಬಂತು. ಬೆಳ್ಳಕ್ಕಿಗಳು ಬೆದರಿ ಹಾರಿದವು.

"ನಾ ಆಕಿ ಹೆಸರಿಟ್ಟಕೊಂಡಾಕಿ, ಮಳಿ ಕೊಡವ್ವ ಅಂದೆ. ನೀ ಕೊಡಬ್ಯಾಡವ್ವ ಅಂದಿ. ನಿನ್ನ ಮಾತ ಕೇಳ್ಯಾಳ ನೋಡು ಮುದುಕಿ! ಒಂದು ತಾಲೂಕಿನ ಮಳಿ ತಡದು ನಿಲ್ಲಿಸೀಯಲ್ಲಲೇ ಪುಣ್ಯಾತಗಿತ್ತಿ! ಊರ ರೈತರಿಗೆ ಗೊತ್ತಾದ್ರ ನಿನ್ನ ಕಂಬಕ್ಕ ಕಟ್ಟತಾರ."

ನಗು ನಿಂತ ಮೇಲೆ ಕೇಳಿದಳು. "ಅವತ್ತ ನನಗ ಯಾಕ ಹೇಳಲಿಲ್ಲ? ಹಸಿ ಇದ್ದಾಗ ಹೇಳಿದ್ರ ಒಡದು ತಗದು, ಒಂದು ಚೀಲ ಸಿಮೆಂಟಿನಾಗ ಮತ್ತ ಹಾಕತಿದ್ದೆನಲ್ಲ."

"ಹೇಳಿದ್ರ ನೀ ನನ್ನ ಕೂಲಿ ಹಿಡೀತಿದ್ದಿ. ಹಿಡಕೊಂಡದ್ದು ಐತಲ್ಲ ಆಗಲೆ. ನನ್ನದೊಂದ ಅಲ್ಲ, ನನ್ನಿಂದ ಹನ್ನೊಂದೂ ಮಂದಿದು ಹೋಗತಿತ್ತು. ಅವರ ಮುಖಾ ಹೆಂಗ ನೋಡ್ಲಿ?"

ಈ ಮಾತು ಹುಲಿಗವ್ವನಿಗೆ ನಟ್ಟಿತು. ದೇವೇಂದ್ರಪ್ಪ ತನ್ನ ರೊಕ್ಕ ಹಿಡಿದದ್ದು ಮಾಳಿಗೆ ಗಟ್ಟಿ ಇರಲಿ ಎಂದು. ತಾನು ಇವರ ರೊಕ್ಕ ಹಿಡಿದದ್ದೂ ಅದಕ್ಕೇ. ಹಿಡಿದದ್ದಕ್ಕೇ ಒಂದು ಹೆಣ್ಣುಜೀವ ತಪ್ಪು ಮುಚ್ಚಿಟ್ಟುಕೊಂಡು ಆರು ತಿಂಗಳು ಎಚ್ಚರ ಕೂತಿತು. ಅವಳಿಗೆ ಅಳು ಬಂತು, ನಾಚಿಕೆಯೂ ಆಯಿತು. ಹಂಪವ್ವನ ತಲೆ ಸವರಿ, "ಆದದ್ದಾತು, ನೀರ ಹೇಳ್ತಾವ" ಎಂದಳು.

ಎಂಟನೆಯ ದಿನ, ಅಮಾವಾಸ್ಯೆಯ ಹಿಂದಿನ ಮುಂಜಾನೆ. ದೇವೇಂದ್ರಪ್ಪ ಉದ್ದ ಬಿದಿರಿಗೆ ಬಿಳಿ ಟವೆಲ್ ಕಟ್ಟಿಕೊಂಡು ಪಡಸಾಲೆ, ಅಡಿಗೆಮನೆ, ಮಲಗುವ ಕೋಣೆ ಎಲ್ಲದರ ಮೂಲೆ ಮೂಲೆಗೆ ಒತ್ತಿ ಒತ್ತಿ ನೋಡಿದ. ಟವೆಲ್ಲಿಗೆ ಸುಣ್ಣದ ಪುಡಿ ಹತ್ತಿತು ಬಿಟ್ಟರೆ ತೇವವಿಲ್ಲ. ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು, "ಇದು ಇರ್ಲಿ ಬಿಡು. ನನ್ನದು ಜಳಕ ಆಗಿಲ್ಲ, ಒಳಗ ಹೋಗಂಗಿಲ್ಲ. ಎಲ್ಲಾ ಕಡೆ ಒಣಾ ಇದ್ದಮ್ಯಾಲ ಇಲ್ಲೂ ಒಣಾ" ಎಂದು ತಿರುಗಿದ.

ಹಂಪವ್ವ ಸದ್ದಿಲ್ಲದೆ ಉಸಿರು ಬಿಟ್ಟಳು. ಸುಮ್ಮನಿದ್ದರೆ ಮುಗಿಯಿತು. ಮಷಿನ್ನು ಉಳಿಯಿತು, ಸಾಲು ಉಳಿಯಿತು. ಹುಲಿಗವ್ವನಿಗೂ ಹಾಗೇ ಬಿಟ್ಟುಬಿಡುವ ಮನಸ್ಸಾಯಿತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಅವಳ ಬಾಯಿಂದ ಮಾತು ಬಂತು.

"ಜಳಕ ಮಾಡಿ ಬರ್ರಿ ಸಾವ್ಕಾರ್ರ. ಆ ಮೂಲಿ ನಮ್ಮ ಕೈಯಾಗ ಒಂದೀಟು ತಡಾ ಆಗಿತ್ತು. ಅದನ್ನ ನೋಡಲಾರದ ನಾ ರೊಕ್ಕ ಮುಟ್ಟಂಗಿಲ್ಲ."

ದೇವೇಂದ್ರಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. ಬಚ್ಚಲಿಗೆ ಹೋದ. ಅವನು ಜಳಕ ಮಾಡಿದಷ್ಟು ಹೊತ್ತು ಆ ಇಬ್ಬರು ಹೆಂಗಸರು ಗೋಡೆಗೆ ಅಂಟಿ ನಿಂತಿದ್ದರು. ಒಳಗೆ ಒಂದೊಂದು ತಂಬಿಗೆ ನೀರು ಬಿದ್ದ ಸದ್ದೂ ಕೇಳುತ್ತಿತ್ತು. ಒದ್ದೆ ಪಂಚೆಯಲ್ಲಿ ಬಂದು, ವಿಭೂತಿ ಧರಿಸಿ, ಟವೆಲ್ ಬದಲಿಸಿ, ಬಿದಿರನ್ನು ಆ ಮೂಲೆಗೆ ಒತ್ತಿ ಹಿಡಿದ. ಇಳಿಸಿದ. ಟವೆಲ್ಲನ್ನು ಕೆನ್ನೆಗೆ ಒತ್ತಿಕೊಂಡು ನೋಡಿದ. ಕಳಕಮ್ಮನ ಕೆನ್ನೆಗೂ ಒತ್ತಿದ.

"ಒಣಾ" ಎಂದಳು ಕಳಕಮ್ಮ.

ಹಂಪವ್ವ ಕೂತುಬಿಟ್ಟಳು. ಆ ನಿದ್ದೆಗಣ್ಣಿನಲ್ಲೂ ಅವಳ ಕೈ ಕೆಲಸ ಮರೆತಿರಲಿಲ್ಲ.

ಆದರೆ ದೇವೇಂದ್ರಪ್ಪ ವ್ಯಾಪಾರಿ. ಕಪಾಟು ತೆಗೆದು ಇಪ್ಪತ್ತು ಸಾವಿರ ಎಣಿಸಿ ಇಟ್ಟ. "ಅರ್ಧ ಈಗ ಒಯ್ಯಿ. ನಿಂತ ನೀರು ಬ್ಯಾರೆ, ಬಡಿಯೋ ಮಳಿ ಬ್ಯಾರೆ. ಮಿಕ್ಕಿದ್ದು ಮಳಿ ಬಂದಮ್ಯಾಲ." ಎಷ್ಟು ಹೇಳಿದರೂ ಜಗ್ಗಲಿಲ್ಲ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಹುಲಿಗವ್ವ ಆ ರೊಕ್ಕ ಸೆರಗಿನಲ್ಲಿ ಹಿಡಿದು ಕೂತಳು. ಅಬ್ದುಲರೌಫನಿಗೆ ಕೊಟ್ಟರೆ ಮಷಿನ್ನು ಉಳಿಯುತ್ತದೆ, ಹೆಂಗಸರು ಮತ್ತೆ ಕಾಯಬೇಕು. ಹೆಂಗಸರಿಗೆ ಕೊಟ್ಟರೆ ನಾಳೆ ಅವನ ಮುಂದೆ ಬರಿಗೈಲಿ ನಿಲ್ಲಬೇಕು. ಭಾಳ ಹೊತ್ತು ಯೋಚನೆ ಮಾಡಿದಳೆಂದು ಹೇಳಲಾರೆ. ಹಂಪವ್ವನ ಕೈ ಹಿಡಿದು ಸಾವಿರದ ಎಂಟುನೂರು ರೂಪಾಯಿ ಅಂಗೈಯಲ್ಲಿಟ್ಟಳು.

"ಯಕ್ಕಾ, ರೌಫಣ್ಣಗ?"

"ರೌಫಣ್ಣಗ ನಾ ಹೋಗಿ ಇದ್ದದ್ದು ಇದ್ದಂಗ ಹೇಳ್ತೀನಿ. ಬೈದ್ರ ಬೈಸ್ಕೊತೀನಿ. ಉಳಿದವರ ಪಾಲು ಇವತ್ತ ಮನಿ ಮನಿಗೆ ಮುಟ್ಟಬೇಕು. ಇನ್ನ ಮ್ಯಾಲ ನಿಮ್ಮ ಕೂಲಿ ಒಂದು ಪೈಸಾ ನಾ ಹಿಡಿಯಂಗಿಲ್ಲ. ಮಳಿ ಕಾಯೋದು ಮೇಸ್ತ್ರಿ ಕೆಲಸ. ನೀವು ತಪ್ಪಾದ್ರ ಹಸಿ ಇದ್ದಾಗ ಹೇಳ್ರಿ, ಅಷ್ಟ ಸಾಕು."

ಹಂಪವ್ವ ರೊಕ್ಕವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಹುಲಗಿಯ ದಿಕ್ಕಿಗೆ ತಿರುಗಿ, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ನೋಡುತ್ತಿದ್ದಾರೆ ಎಂಬ ಪರಿವೆಯಿಲ್ಲದೆ ಕೈ ಮುಗಿದು ಗಟ್ಟಿಯಾಗಿ ಹೇಳಿದಳು. "ಯವ್ವಾ, ಸಾಕು ಬಿಡು. ನನ್ನ ಮಾತ ಹಿಂದಕ್ಕ ತಗೊಂಡೀನಿ. ಈಗ ಬರ್ಲಿ."

ಹೊಸಪೇಟೆ ಬಸ್ಸು ಬರುವ ಹೊತ್ತಿಗೆ ಸಂಜೆ ನಾಲ್ಕು ಗಂಟೆಯಾಗಿತ್ತು. ಕಂಡಕ್ಟರ್ ಹೆಣ್ಣುಮಕ್ಕಳ ಪುಕ್ಕಟೆ ಟಿಕೀಟು ಎರಡು ಹರಿದು ಕೊಟ್ಟ. ಕುಕನೂರು ದಾಟುವಾಗ ಹಿಂದಿನ ಗಾಜಿನಲ್ಲಿ ಯಲಬುರ್ಗಾದ ಕಡೆ ಮುಗಿಲು ಕಪ್ಪಗೆ ಕಟ್ಟಿತ್ತು. ಇಬ್ಬರೂ ನೋಡಿ ಮುಂದಕ್ಕೆ ತಿರುಗಿದರು. ಎಷ್ಟೋ ಸಲ ಹೀಗೆ ಕಟ್ಟಿ ಹೋಗಿತ್ತಲ್ಲ.

ಭಾನಾಪುರದ ಹತ್ತಿರ ಹುಲಿಗವ್ವನ ಫೋನು ಬಡಿಯಿತು. ಕಳಕಮ್ಮ. ಏನು ಹೇಳುತ್ತಿದ್ದಾಳೋ ಒಂದೂ ತಿಳಿಯಲಿಲ್ಲ, ಫೋನಿನ ತುಂಬ ಭೋರೆಂಬ ಸದ್ದು. "ಕೇಳಸ್ತೇನವ್ವ? ಕೇಳಸ್ತೇನ? ಮಳಿ! ಮಡಿ ಎಲ್ಲಾ ತುಂಬಿ ಕಟ್ಟಿ ಒಡದು ಹರಿಯಾಕ ಹತ್ಯಾವ!" ಕಳಕಮ್ಮ ಫೋನನ್ನು ಕಿಟಕಿಯ ಹೊರಗೆ ಹಿಡಿದಳೆಂದು ಕಾಣುತ್ತದೆ. ಹುಲಿಗವ್ವ ತನ್ನ ಫೋನನ್ನು ಹಂಪವ್ವನ ಕಿವಿಗೆ ಒತ್ತಿದಳು. ಯಲಬುರ್ಗಾದ ಮಳೆ ಹಂಪವ್ವನ ಕಿವಿಯಲ್ಲಿ ಸುರಿಯಿತು. 

"ಅಕ್ಕಾರ... ಆ ಮೂಲಿ?" ಎಂದು ಕೇಳಿದಳು.

"ಅಲ್ಲೇ ನಿಂತೀನಿ. ಗಾಳಿ ಮಳಿ, ಅರ್ಧ ತಾಸಾತು. ಕೈ ಇಟ್ಟು ನೋಡೀನಿ. ಒಣಾ ಐತಿ. ನಾಳಿ ಅಮಾಸಿ, ಇವರು ರೊಕ್ಕ ಹೊರಗ ಹಾಕಂಗಿಲ್ಲ. ಅದಕ್ಕ ಇವತ್ತ ಫೋನ್‌ಪೇ ಮಾಡ್ರಿ ಅಂತ ಎದಿಮ್ಯಾಲ ಕುಂತೀನಿ. ಹೇಳು ನಿಮ್ಮ ಮೇಸ್ತ್ರಿಗೆ."

ಹಂಪವ್ವ ಫೋನು ತಿರುಗಿ ಕೊಟ್ಟಳು. ತಲೆಯನ್ನು ಹುಲಿಗವ್ವನ ಹೆಗಲಿಗೆ ಇಟ್ಟಳು, ಇಟ್ಟ ಕ್ಷಣವೇ ನಿದ್ದೆ ಹೋದಳು.

ಕೊಪ್ಪಳ ಬಂತು, ಹೋಯಿತು. ಬಸ್ಸಿನ ತಗಡಿನ ಮೇಲೂ ಮೊದಲ ಹನಿಗಳು ಬೀಳತೊಡಗಿದವು. ಹುಲಿಗವ್ವನ ಮಡಿಲಲ್ಲಿ ಫೋನು ಟಿಣ್ ಅಂದು, ಇಪ್ಪತ್ತು ಸಾವಿರ ಬಂದಿದೆ ಎಂದು ಕೂಗಿ ಹೇಳಿತು. ಅವಳು ಗಾಬರಿಯಾಗಿ ಅದರ ಬಾಯಿ ಮುಚ್ಚಿ ಪಕ್ಕಕ್ಕೆ ನೋಡಿದಳು. ಹಂಪವ್ವನಿಗೆ ಎಚ್ಚರವಾಗಲಿಲ್ಲ.

"ಹಿಟ್ನಾಳ! ಯಾರ್ರಿ ಹಿಟ್ನಾಳ?" ಕಂಡಕ್ಟರ್ ಕೂಗಿದ. ಇವಳನ್ನು ನೋಡಿ, "ಇಳೀರಿ ಯಕ್ಕಾ, ನಿಮ್ಮೂರು ಬಂತು" ಎಂದ.

ಹುಲಿಗವ್ವ ಬಾಯಿಯ ಮೇಲೆ ಬೆರಳಿಟ್ಟು ಹೆಗಲ ಕಡೆ ಕಣ್ಣು ತೋರಿಸಿದಳು.

"ಮುಂದಿನ ಹುಲಗಿ ಕ್ರಾಸಿನ ತನಕ ಇನ್ನೆರಡು ಟಿಕೀಟು ಕೊಡ್ರಿ ಅಣ್ಣಾರ. ಹೆಂಗಂದ್ರೂ ಪುಕ್ಕಟೆ ಐತಲ್ಲ" ಎಂದು ಪಿಸುಗುಟ್ಟಿದಳು. "ಆರು ತಿಂಗಳಾತು, ಈಗ ಮಲಗ್ಯಾಳ."